ಹತ್ತು ಸಾವಿರಕ್ಕೆ ನಾಲ್ಕು ಅಣು: ಇಷ್ಟಕ್ಕೇ ಭೂಮಿ ಬಿಸಿಯಾಗುತ್ತದೆಯೇ?

ಪ್ರಶ್ನೆ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು. ಅಂದರೆ ಹತ್ತು ಸಾವಿರ ಅಣುಗಳಲ್ಲಿ ನಾಲ್ಕೇ ನಾಲ್ಕು. ಅದರಲ್ಲೂ ಮನುಷ್ಯರು ಸೇರಿಸಿದ್ದು ಒಂದೂವರೆಯೂ ಇಲ್ಲ. ಇಷ್ಟರಿಂದ ಇಡೀ ಭೂಮಿ ಬಿಸಿಯಾಗುವುದು ಹೇಗೆ? ಈ ಅನಿಲ ಹೀರಬಲ್ಲ ಕಿರಣವನ್ನೆಲ್ಲ ಈಗಾಗಲೇ ಹೀರಿಯಾಗಿದೆ, ಇನ್ನೆಷ್ಟು ಸೇರಿಸಿದರೂ ವ್ಯತ್ಯಾಸವಾಗದು ಎಂದೂ ಓದಿದ್ದೇನೆ. ನೀರಾವಿಯೇ ಅದಕ್ಕಿಂತ ದೊಡ್ಡ ಹಸಿರುಮನೆ ಅನಿಲವಂತೆ. ಇನ್ನು ಮಂಗಳ ಗ್ರಹದ ಗಾಳಿಯಲ್ಲಿ ಶೇ. 95ರಷ್ಟು ಇದೇ ಅನಿಲವಿದ್ದೂ ಅಲ್ಲಿ ಕೊರೆಯುವ ಚಳಿ. ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳುವುದು?

ಉತ್ತರ: ನೀವು ಕೊಟ್ಟ ಅಂಕಿಗಳಲ್ಲಿ ತಪ್ಪೇನಿಲ್ಲ. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಿಗೆ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದು, ಆ 'ಹೀರಿಯಾಗಿದೆ' ಎಂಬ ಮಾತು, ನಿಜಕ್ಕೂ ಗಟ್ಟಿ ಪ್ರಶ್ನೆ. ಒಳ್ಳೊಳ್ಳೆಯ ಭೌತವಿಜ್ಞಾನಿಗಳೇ ಅದರಲ್ಲಿ ಅರ್ಧ ಶತಮಾನ ಸಿಕ್ಕಿಕೊಂಡಿದ್ದರು. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಮೊದಲು 0.04ರ ವಿಚಾರ ಮುಗಿಸಿಬಿಡೋಣ.

ಶೇಕಡಾ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ನೆಲದಿಂದ ಮೇಲಕ್ಕೆ ಹೊರಟ ಶಾಖದ ಕಿರಣದ ಮಟ್ಟಿಗೆ ಮುಖ್ಯವಾದದ್ದು, ತನ್ನನ್ನು ತಡೆಯಬಲ್ಲ ಅಣುಗಳು ದಾರಿಯುದ್ದಕ್ಕೂ ಒಟ್ಟು ಎಷ್ಟಿವೆ ಎಂಬುದು. ತಡೆಯಲಾರದ ಅಣುಗಳು ಅವುಗಳ ಜೊತೆ ಎಷ್ಟು ಬೆರೆತಿದ್ದರೂ ಕಿರಣಕ್ಕೇನಾಗಬೇಕು? ಒಂದು ಚದರ ಮೀಟರ್ ನೆಲದ ಮೇಲೆ, ವಾಯುಮಂಡಲದ ತುದಿಯವರೆಗೂ ಇರುವ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ತೂಗಿದರೆ ಸುಮಾರು ಆರೂವರೆ ಕಿಲೋ ಬರುತ್ತದೆ. ಅದನ್ನು ನೆಲಮಟ್ಟದ ಒತ್ತಡಕ್ಕೆ ತಂದು ಹಾಸಿದರೆ ಮೂರೂವರೆ ಮೀಟರ್ ದಪ್ಪದ ಪದರವಾಗುತ್ತದೆ. ಓಝೋನನ್ನೂ ಹೀಗೇ ಹಾಸಿ ನೋಡಿ. ಅದರ ದಪ್ಪ ಬರೀ ಮೂರು ಮಿಲಿಮೀಟರ್. ಸೂರ್ಯನ ಅತ್ಯಂತ ಅಪಾಯಕಾರಿ ಅತಿನೇರಳೆ ಕಿರಣಗಳು ನಮ್ಮ ಚರ್ಮಕ್ಕೆ ಮುಟ್ಟದಂತೆ ತಡೆಯುತ್ತಿರುವುದು ಆ ಮೂರು ಮಿಲಿಮೀಟರು. ಓಝೋನ್ ಕಡಿಮೆಯಿದೆ, ಆದ್ದರಿಂದ ಅದರ ಕೆಲಸ ಸುಳ್ಳು ಎಂದು ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಉಳಿದ ಗಾಳಿ ಏನು ಮಾಡುತ್ತಿದೆ? ಸಾರಜನಕ ಶೇ. 78, ಆಮ್ಲಜನಕ 21, ಆರ್ಗಾನ್ ಒಂದಕ್ಕೆ ತುಸು ಕಡಿಮೆ. ಶಾಖದ ಕಿರಣಕ್ಕೆ, ಅಂದರೆ ಅವಕೆಂಪು ಬೆಳಕಿಗೆ, ಇವು ಹೆಚ್ಚುಕಡಿಮೆ ಪಾರದರ್ಶಕ. ಬೆಳಕು ಒಂದು ವಿದ್ಯುತ್ಕಾಂತ ಅಲೆ. ಅದು ಅಣುವನ್ನು ಅಲುಗಾಡಿಸಬೇಕಾದರೆ, ಅಲುಗುವಾಗ ಅಣುವಿನ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣವಾಗಿ ಆಚೀಚೆ ತೂಗಬೇಕು. ಒಂದೇ ಬಗೆಯ ಎರಡು ಪರಮಾಣುಗಳು ಸೇರಿದ ಸಾರಜನಕ, ಆಮ್ಲಜನಕದ ಅಣುಗಳು ಎಷ್ಟು ಹಿಗ್ಗಿ ಕುಗ್ಗಿದರೂ ಎರಡೂ ತುದಿ ಸಮಸಮವಾಗಿಯೇ ಉಳಿಯುತ್ತವೆ. ಅಲೆಗೆ ಹಿಡಿದುಕೊಳ್ಳಲು ಹಿಡಿಯೇ ಇಲ್ಲ. ಆರ್ಗಾನ್ ಅಂತೂ ಒಂಟಿ ಪರಮಾಣು. ಇಂಗಾಲದ ಡೈಆಕ್ಸೈಡಿನಲ್ಲಿ ನಡುವೆ ಇಂಗಾಲ, ಆಚೀಚೆ ಒಂದೊಂದು ಆಮ್ಲಜನಕ. ಅದು ನಡು ಬಾಗಿಸಿ ಕಂಪಿಸಿದಾಗ ಸಮತೋಲ ತಪ್ಪುತ್ತದೆ, ಅಲೆಗೆ ಹಿಡಿ ಸಿಗುತ್ತದೆ. ಆ ಬಾಗುವ ಕಂಪನಕ್ಕೆ ತಾಳ ಕೂಡುವ ತರಂಗಾಂತರ 15 ಮೈಕ್ರೋಮೀಟರ್. ಭೂಮಿ ಹೊರಸೂಸುವ ಶಾಖದ ದೊಡ್ಡ ಪಾಲು ಇರುವುದು ಇದರ ಆಸುಪಾಸಿನಲ್ಲೇ. ಹೊಡೆತ ಬಿದ್ದಿರುವುದು ಮರ್ಮಕ್ಕೇ.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಈ ಅನಿಲ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ ಎಂದು ತೋರಿಸಿದರು. ಆಕೆಯ ಲೇಖನವನ್ನು ಸಭೆಯಲ್ಲಿ ಓದಿದ್ದು ಮಾತ್ರ ಜೋಸೆಫ್ ಹೆನ್ರಿ ಎಂಬ ಗಂಡಸು. ಮೂರು ವರ್ಷದ ಬಳಿಕ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಬರೀ ಶಾಖದ ಕಿರಣವನ್ನೇ ಬಳಸಿ ಅಳತೆ ಮಾಡಿ, ಸಾರಜನಕ–ಆಮ್ಲಜನಕಗಳು ಅದನ್ನು ಬಿಟ್ಟುಕೊಡುತ್ತವೆ, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹಿಡಿಯುತ್ತವೆ ಎಂದು ಖಚಿತಪಡಿಸಿದರು. ಹವಾಮಾನ ಬದಲಾವಣೆಯ ರಾಜಕೀಯ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಈ ಭಾಗ ಇತ್ಯರ್ಥವಾಗಿತ್ತು.

ಹೀರಿದ ಶಾಖ ಏನಾಗುತ್ತದೆ ಎಂಬಲ್ಲಿ ಅನೇಕ ಪಠ್ಯಗಳೇ ಎಡವುತ್ತವೆ. ಅಣು ಕಿರಣವನ್ನು ಹೀರಿ, ಕೂಡಲೇ ಅದನ್ನೇ ಇನ್ನೊಂದು ದಿಕ್ಕಿಗೆ ಎಸೆಯುತ್ತದೆ ಎಂದು ಚಿತ್ರ ಬರೆದಿರುತ್ತಾರೆ. ಅಷ್ಟು ಪುರುಸೊತ್ತು ಅದಕ್ಕೆ ಸಿಗುವುದಿಲ್ಲ. ಕಂಪಿಸುತ್ತಿರುವ ಅಣು ತಾನಾಗಿ ಕಿರಣ ಹೊರಬಿಡಲು ಸೆಕೆಂಡಿನ ಆಸುಪಾಸಿನ ಸಮಯ ಬೇಕು. ಅಷ್ಟರಲ್ಲಿ ನೆಲಮಟ್ಟದ ಗಾಳಿಯಲ್ಲಿ ಅದು ಅಕ್ಕಪಕ್ಕದ ಅಣುಗಳಿಗೆ ನೂರಾರು ಕೋಟಿ ಸಲ ಡಿಕ್ಕಿ ಹೊಡೆದಿರುತ್ತದೆ. ಹೀರಿದ ಶಕ್ತಿಯೆಲ್ಲ ಆ ಡಿಕ್ಕಿಗಳಲ್ಲಿ ಸಾರಜನಕ, ಆಮ್ಲಜನಕಗಳಿಗೆ ಹಂಚಿಹೋಗುತ್ತದೆ. ಹತ್ತು ಸಾವಿರಕ್ಕೆ ನಾಲ್ಕು ಅಣುಗಳು ಉಳಿದ ಒಂಬತ್ತು ಸಾವಿರ ಚಿಲ್ಲರೆಯನ್ನು ಕಾಯಿಸುವುದು ಹೀಗೆ. ಇದೇ ಡಿಕ್ಕಿಗಳು ತಿರುಗುಮುರುಗಾಗಿಯೂ ನಡೆಯುತ್ತವೆ: ಗಾಳಿಯ ಶಾಖ ಆ ನಾಲ್ಕು ಅಣುಗಳನ್ನು ಕಂಪಿಸುವಂತೆ ಮಾಡುತ್ತದೆ, ಅವುಗಳಲ್ಲಿ ಕೆಲವು ಕಿರಣ ಸೂಸುತ್ತವೆ. ಎಷ್ಟು ಸೂಸುತ್ತವೆ ಎಂಬುದು ಅಲ್ಲಿನ ಗಾಳಿಯ ಉಷ್ಣತೆಯ ಮೇಲೆ ನಿಂತಿದೆ. ಬಿಸಿ ಗಾಳಿ ಹೆಚ್ಚು ಸೂಸುತ್ತದೆ, ತಣ್ಣನೆಯದು ಕಡಿಮೆ. ಈ ಒಂದು ವಾಕ್ಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಗಟ್ಟಿ ಪ್ರಶ್ನೆಗೆ ಬರೋಣ. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಕೈಯಾರೆ ಲೆಕ್ಕ ಹಾಕಿದರು. ನಾಲ್ಕೇ ವರ್ಷದಲ್ಲಿ ಅದೇ ದೇಶದ ಕ್ನುಟ್ ಆಂಗ್‌ಸ್ಟ್ರಮ್ ತಕರಾರು ತೆಗೆದರು. ಅವರ ಸಹಾಯಕ ಒಂದು ಕೊಳವೆಯಲ್ಲಿ ಈ ಅನಿಲ ತುಂಬಿ ಶಾಖದ ಕಿರಣ ಹಾಯಿಸಿದ್ದ. ಅನಿಲವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿದರೂ ಹೀರಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದಮೇಲೆ ಹೀರಬಹುದಾದದ್ದನ್ನೆಲ್ಲ ಹೀರಿಯಾಗಿದೆ, ಇನ್ನು ಸೇರಿಸಿ ಫಲವಿಲ್ಲ ಎಂದು ತೀರ್ಮಾನವಾಯಿತು. ನೀವು ಓದಿರುವುದು ಈ 1900ರ ವಾದವನ್ನೇ. ಮುಂದಿನ ಐವತ್ತು ವರ್ಷ ಬಹುತೇಕ ಹವಾಮಾನ ತಜ್ಞರು ಇದನ್ನೇ ನಂಬಿಕೊಂಡಿದ್ದರು. 1938ರಲ್ಲಿ ಇದನ್ನು ಪ್ರಶ್ನಿಸಿದ ಗೈ ಕ್ಯಾಲೆಂಡರ್ ವೃತ್ತಿಯಿಂದ ಉಗಿಯಂತ್ರಗಳ ಎಂಜಿನಿಯರ್. ಅವರ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಂಗ್‌ಸ್ಟ್ರಮ್ ಅವರ ಅಳತೆಯಲ್ಲಿ ಒಂದು ನಿಜ ಇದ್ದೇ ಇದೆ. 15 ಮೈಕ್ರೋಮೀಟರಿನ ನಟ್ಟನಡುವಿನ ಕಿರಣ ನೆಲದಿಂದ ಹೊರಟರೆ ಕೆಲವೇ ಮೀಟರ್ ಹೋಗುವಷ್ಟರಲ್ಲಿ ಸಿಕ್ಕಿಬೀಳುತ್ತದೆ. ಅದು ನೇರವಾಗಿ ಆಕಾಶ ಸೇರುವ ಪ್ರಶ್ನೆಯೇ ಇಲ್ಲ. ಅನಿಲ ಇಮ್ಮಡಿಯಾದರೆ ಅದು ಮೊದಲಿನ ಅರ್ಧ ದೂರದಲ್ಲೇ ಸಿಕ್ಕಿಬೀಳುತ್ತದೆ, ಅಷ್ಟೇ. ಆದರೆ ಕೊಳವೆಗೂ ವಾಯುಮಂಡಲಕ್ಕೂ ಒಂದು ದೊಡ್ಡ ವ್ಯತ್ಯಾಸ. ಕೊಳವೆಯಲ್ಲಿ ಎಲ್ಲೆಡೆ ಒಂದೇ ಒತ್ತಡ, ಒಂದೇ ಉಷ್ಣತೆ. ವಾಯುಮಂಡಲದಲ್ಲಿ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ತಣ್ಣಗೂ ಆಗುತ್ತದೆ. ನೆಲಮಟ್ಟದಲ್ಲಿ ಎಷ್ಟು ಹೀರಿಕೆಯಾಯಿತು ಎಂದು ಕೇಳುತ್ತ ಕೂತರೆ ಉತ್ತರ ಸಿಗುವುದಿಲ್ಲ. ಶಾಖ ಕೊನೆಗೆ ಆಕಾಶಕ್ಕೆ ಪಾರಾಗುವುದು ಯಾವ ಎತ್ತರದಿಂದ ಎಂದು ಕೇಳಬೇಕು.

ಭೂಮಿಯ ಶಾಖದ ಜಮಾಖರ್ಚು ನೋಡಿ. ಸೂರ್ಯನಿಂದ ಬರುವ ಬೆಳಕನ್ನು ಇಡೀ ಗೋಳಕ್ಕೆ ಹಂಚಿದರೆ ಚದರ ಮೀಟರಿಗೆ 340 ವ್ಯಾಟ್. ಅದರಲ್ಲಿ ಶೇ. 30ರಷ್ಟು ಮೋಡ, ಹಿಮ, ಮರಳಿನಿಂದ ಹಾಗೇ ವಾಪಸು. ಉಳಿದ 240 ವ್ಯಾಟ್ ಒಳಗೆ ಬರುತ್ತದೆ. ಲೆಕ್ಕ ಸರಿತೂಗಬೇಕಾದರೆ 240 ವ್ಯಾಟ್ ಶಾಖ ಹೊರಗೆ ಹೋಗಬೇಕು. ಅಷ್ಟು ಸೂಸುವ ವಸ್ತುವಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರಬೇಕು ಎನ್ನುತ್ತದೆ ಭೌತವಿಜ್ಞಾನ. ನೆಲದ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ. ಹಾಗಾದರೆ ಈ ಮೈನಸ್ 18 ಇರುವುದೆಲ್ಲಿ? ಮೇಲೇರುವ ಗಾಳಿ ಹಿಗ್ಗಿ ತಣಿಯುವುದರಿಂದ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. 33 ಡಿಗ್ರಿ ಇಳಿಯಲು ಸುಮಾರು ಐದು ಕಿಲೋಮೀಟರ್ ಮೇಲೆ ಹೋಗಬೇಕು. ಆಕಾಶದಿಂದ ಅವಕೆಂಪು ಕಣ್ಣಿನಲ್ಲಿ ನೋಡಿದರೆ ಕಾಣುವ ಭೂಮಿ, ಸರಾಸರಿ ಲೆಕ್ಕದಲ್ಲಿ, ಆ ಐದು ಕಿಲೋಮೀಟರ್ ಎತ್ತರದ್ದು. ನಾವು ನಿಂತಿರುವುದು ಅದರ ಅಡಿಯಲ್ಲಿ.

ಈಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಯಿತೆನ್ನಿ. ಶಾಖ ಪಾರಾಗುವ ಎತ್ತರದಲ್ಲಿ ಅಣುಗಳು ಹಿಂದಿಗಿಂತ ದಟ್ಟವಾಗುತ್ತವೆ. ಮೊದಲು ಅಲ್ಲಿಂದ ನುಸುಳಿಹೋಗುತ್ತಿದ್ದ ಕಿರಣ ಇನ್ನೂ ಸ್ವಲ್ಪ ಮೇಲೆ ಹೋದರೆ ಮಾತ್ರ ಬಿಡುಗಡೆ. ಆ ಮೇಲಿನ ಗಾಳಿ ಇನ್ನೂ ತಣ್ಣಗಿದೆ. ತಣ್ಣನೆಯದು ಕಡಿಮೆ ಸೂಸುತ್ತದೆ. ಹೊರಹೋಗುವ ಶಾಖ ಕಡಿಮೆಯಾಯಿತು, ಒಳಬರುವ ಬಿಸಿಲು ಅಷ್ಟೇ ಇದೆ. ಉಳಿತಾಯವಾದ ಶಾಖ ಕೆಳಗೆ ಜಮೆಯಾಗುತ್ತ ಹೋಗುತ್ತದೆ, ಆ ಹೊಸ ಎತ್ತರವೂ ಮೈನಸ್ 18ಕ್ಕೆ ಏರುವವರೆಗೆ. ಅನಿಲ ಇಮ್ಮಡಿಯಾದರೆ ಪಾರಾಗುವ ಎತ್ತರ ಸರಾಸರಿ 150 ಮೀಟರಿನಷ್ಟು ಏರುತ್ತದೆ. ಅದನ್ನು ಕಿಲೋಮೀಟರಿಗೆ ಆರೂವರೆ ಡಿಗ್ರಿಯಿಂದ ಗುಣಿಸಿ ನೋಡಿ: ಒಂದು ಡಿಗ್ರಿ ಬರುತ್ತದೆ. ದೊಡ್ಡ ಗಣಕಗಳಿಲ್ಲದೆ ಹಾಳೆಯ ಮೇಲೆ ಮಾಡಬಹುದಾದ ಲೆಕ್ಕ. ಕೆಳಗೆ ಕೊಳವೆ ಎಷ್ಟೇ ತುಂಬಿ ತುಳುಕಲಿ, ಮೇಲಿನ ತೆಳು ಗಾಳಿಯಲ್ಲಿ ಈ ಎತ್ತರ ಏರಲು ಅದು ಅಡ್ಡಿಯಾಗದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಈ ಅನಿಲ ಒಂದೇ ತರಂಗಾಂತರವನ್ನು ಹೀರುವುದಿಲ್ಲ. 15ರ ನಡುವಿನಲ್ಲಿ ಅತಿ ಪ್ರಬಲವಾಗಿ, ಆಚೀಚೆ ಸರಿದಂತೆ ದುರ್ಬಲವಾಗಿ, ಸುಮಾರು 13ರಿಂದ 17ರವರೆಗೆ ಸಾವಿರಾರು ಸೂಕ್ಷ್ಮ ಗೆರೆಗಳಲ್ಲಿ ಹೀರುತ್ತದೆ. ನಡುಭಾಗ ಭರ್ತಿಯಾದರೂ ಅಂಚುಗಳು ಭರ್ತಿಯಾಗಿಲ್ಲ. ಅನಿಲ ಹೆಚ್ಚಿದಷ್ಟೂ ಆ ಅಂಚು ಹೊರಕ್ಕೆ ಅಗಲಿಸುತ್ತ ಹೋಗುತ್ತದೆ. ಹೀಗಾಗಿಯೇ ಪರಿಣಾಮ ಲಾಗರಿದಮ್ಮಿನ ಹಾದಿ ಹಿಡಿಯುತ್ತದೆ: ಹತ್ತು ಲಕ್ಷ ಅಣುಗಳಿಗೆ 280ರಿಂದ 560ಕ್ಕೆ ಏರಿದಾಗ ಎಷ್ಟೋ, 560ರಿಂದ 1,120ಕ್ಕೆ ಏರಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಹೊಸ ಅಣುವಿನ ಪ್ರಭಾವ ಹಿಂದಿನದಕ್ಕಿಂತ ಕಡಿಮೆ ಎನ್ನುವ ಮಾತು ನಿಜ. ಅದು ಸೊನ್ನೆ ಎನ್ನುವುದು ಸುಳ್ಳು.

ಈ ಗೆರೆಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತಂದು ಆಂಗ್‌ಸ್ಟ್ರಮ್ ವಾದವನ್ನು ಮುಗಿಸಿದ್ದು 1956ರಲ್ಲಿ ಗಿಲ್ಬರ್ಟ್ ಪ್ಲಾಸ್. ಅವಕೆಂಪು ಕಿರಣ ಗಾಳಿಯಲ್ಲಿ ಹೇಗೆ ಸಾಗುತ್ತದೆ ಎಂಬ ಮಾಹಿತಿಗೆ ಆ ಕಾಲದಲ್ಲಿ ದೊಡ್ಡ ಗಿರಾಕಿ ಅಮೆರಿಕದ ಸೇನೆ. ಶತ್ರು ವಿಮಾನದ ಎಂಜಿನ್ನಿನ ಶಾಖ ಹಿಡಿದು ಬೆನ್ನಟ್ಟುವ ಕ್ಷಿಪಣಿಗೆ ಯಾವ ತರಂಗಾಂತರ ಗಾಳಿಯಲ್ಲಿ ಮಾಯವಾಗುತ್ತದೆ ಎಂದು ಗೊತ್ತಿರಲೇಬೇಕು. 'ಹವಾಮಾನ ವಿಜ್ಞಾನಿಗಳ ಕಟ್ಟುಕಥೆ' ಎನ್ನುವವರು ಸಿಕ್ಕಾಗ ನನಗೆ ಈ ಕ್ಷಿಪಣಿಗಳ ನೆನಪಾಗುತ್ತದೆ. ಅವೂ ಗುರಿ ಮುಟ್ಟುವುದು ಇದೇ ಹೀರಿಕೆಯ ಪಟ್ಟಿಗಳನ್ನು ನಂಬಿಯೇ.

ಲೆಕ್ಕ ಸರಿ, ಕಣ್ಣಾರೆ ನೋಡಿದವರಿದ್ದಾರೆಯೇ? ಇದ್ದಾರೆ. 1970ರಲ್ಲಿ ಹಾರಿದ ನಿಂಬಸ್–4 ಉಪಗ್ರಹ ಭೂಮಿಯಿಂದ ಹೊರಬರುವ ಶಾಖವನ್ನು ತರಂಗಾಂತರವಾರು ಬಿಡಿಸಿ ಅಳೆಯಿತು. ಆ ನಕ್ಷೆಯಲ್ಲಿ 15 ಮೈಕ್ರೋಮೀಟರಿನ ಸುತ್ತ ಯಾರೋ ಕಚ್ಚಿ ತೆಗೆದಂತೆ ದೊಡ್ಡ ಹಳ್ಳ. ಗಾಳಿ ಬಿಟ್ಟುಕೊಡುವ ತರಂಗಾಂತರಗಳಲ್ಲಿ ಬೆಚ್ಚಗಿನ ನೆಲ ಕಾಣುತ್ತದೆ. ಆ ಹಳ್ಳದಲ್ಲಿ ಕಾಣುವುದು ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿರುವ ಎತ್ತರದ ಗಾಳಿ. ಇನ್ನು ನೆಲದಿಂದ ಮೇಲಕ್ಕೆ ಮುಖ ಮಾಡಿ ಅಳೆದವರೂ ಇದ್ದಾರೆ. ಅಮೆರಿಕದ ಓಕ್ಲಹೋಮಾ ಮತ್ತು ಅಲಾಸ್ಕಾದ ಎರಡು ಕೇಂದ್ರಗಳಲ್ಲಿ 2000ದಿಂದ 2010ರವರೆಗೆ ಅಳೆದಾಗ, ಆ ಅವಧಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡಿನಿಂದಲೇ ಕೆಳಕ್ಕೆ ಬರುವ ಶಾಖ ಚದರ ಮೀಟರಿಗೆ 0.2 ವ್ಯಾಟ್ ಏರಿತ್ತು.

ನನಗೆ ಎಲ್ಲಕ್ಕಿಂತ ಮೆಚ್ಚಿನ ಸಾಕ್ಷಿ ಬೇರೆಯೇ. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಒಂದು ವಿಚಿತ್ರ ಭವಿಷ್ಯ ನುಡಿದರು: ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಳಗಿನ ಗಾಳಿ ಬಿಸಿಯಾಗುತ್ತದೆ, ಆದರೆ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತದೆ. ಸ್ತರಗೋಳವನ್ನು ಕಾಯಿಸುವುದು ಮುಖ್ಯವಾಗಿ ಓಝೋನ್ ಹೀರುವ ಬಿಸಿಲು. ತಣಿಸುವುದು ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೂಸುವ ಶಾಖ. ಅಲ್ಲಿ ಈ ಅಣುಗಳು ಹೆಚ್ಚಾದರೆ ಶಾಖ ಸೂಸುವ ಬಾಯಿಗಳೂ ಹೆಚ್ಚಾದಂತೆ. ಉಪಗ್ರಹಗಳು ದಶಕಗಳಿಂದ ತೋರಿಸುತ್ತಿರುವುದು ಇದನ್ನೇ, ಮೇಲಿನ ಸ್ತರಗೋಳದಲ್ಲಿ ಸ್ಪಷ್ಟವಾಗಿ. ಸೂರ್ಯನೇ ಪ್ರಖರವಾಗಿ ಭೂಮಿ ಕಾಯುತ್ತಿದ್ದರೆ ಮೇಲೂ ಕೆಳಗೂ ಎರಡೂ ಕಾಯಬೇಕಿತ್ತು. ಅಳತೆ ಬರುವ ಮೊದಲೇ ನುಡಿದ, ಸಾಮಾನ್ಯ ಬುದ್ಧಿಗೆ ಎದುರಾಗಿ ಕಾಣುವ ಮಾತು ನಿಜವಾಗುವುದಿದೆಯಲ್ಲ, ವಿಜ್ಞಾನದಲ್ಲಿ ಅದಕ್ಕೆ ಬೆಲೆ ಹೆಚ್ಚು. ಮನಾಬೆಗೆ 2021ರಲ್ಲಿ ನೊಬೆಲ್ ಬಂತು.

ನೀರಾವಿಯ ಪ್ರಶ್ನೆ. ಹೌದು, ಭೂಮಿಯ ಹಸಿರುಮನೆ ಪರಿಣಾಮದಲ್ಲಿ ಸುಮಾರು ಅರ್ಧ ನೀರಾವಿಯದು, ಕಾಲು ಭಾಗ ಮೋಡಗಳದು, ಐದನೇ ಒಂದರಷ್ಟು ಇಂಗಾಲದ ಡೈಆಕ್ಸೈಡಿನದು. ಆದರೆ ನೀರಾವಿ ತನ್ನಷ್ಟಕ್ಕೆ ಹೆಚ್ಚಾಗುವಂತಿಲ್ಲ. ಗಾಳಿಗೆ ಎಷ್ಟು ತುಂಬಿದರೂ ಹತ್ತು ದಿನದೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಎಷ್ಟು ಆವಿಯನ್ನು ಇಟ್ಟುಕೊಳ್ಳಬಲ್ಲದು ಎಂಬುದನ್ನು ಉಷ್ಣತೆಯೇ ನಿರ್ಧರಿಸುತ್ತದೆ: ಒಂದು ಡಿಗ್ರಿ ಏರಿದರೆ ಸುಮಾರು ಶೇ. 7 ಹೆಚ್ಚು. ಇಂಗಾಲದ ಡೈಆಕ್ಸೈಡ್ ಭೂಮಿಯ ಉಷ್ಣತೆಯಲ್ಲಿ ಘನೀಭವಿಸಿ ಬೀಳುವ ಅನಿಲವಲ್ಲ. ಅದು ಗಾಳಿಯನ್ನು ತುಸು ಕಾಯಿಸುತ್ತದೆ, ಕಾದ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ, ಆ ಆವಿ ಇನ್ನಷ್ಟು ಕಾಯಿಸುತ್ತದೆ. ಹೀಗೆ ನೀರಾವಿ ಹಿಂಬಾಲಕ. ಬಲಿಷ್ಠ ಹಿಂಬಾಲಕ, ನಿಜ. 1991ರ ಜೂನ್‌ನಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಭೂಮಿ ಅರ್ಧ ಡಿಗ್ರಿಯಷ್ಟು ತಣಿದಾಗ ಗಾಳಿಯ ನೀರಾವಿಯೂ ಲೆಕ್ಕಕ್ಕೆ ಸರಿಯಾಗಿ ಇಳಿದದ್ದನ್ನು ಉಪಗ್ರಹಗಳು ದಾಖಲಿಸಿವೆ. 2010ರಲ್ಲಿ ನಾಸಾದ ಗೊಡ್ಡಾರ್ಡ್ ಸಂಸ್ಥೆಯ ಆಂಡ್ರ್ಯೂ ಲೇಸಿಸ್ ಮತ್ತು ಸಂಗಡಿಗರು ತಮ್ಮ ಗಣಕ ಮಾದರಿಯಲ್ಲಿ ನೀರಾವಿಯನ್ನು ಮುಟ್ಟದೆ, ಇಂಗಾಲದ ಡೈಆಕ್ಸೈಡೇ ಮೊದಲಾದ ಘನೀಭವಿಸದ ಹಸಿರುಮನೆ ಅನಿಲಗಳನ್ನಷ್ಟೇ ತೆಗೆದುಹಾಕಿದರು. ಐವತ್ತು ವರ್ಷದಲ್ಲಿ ಮಾದರಿ ಭೂಮಿಯ ಸರಾಸರಿ ಉಷ್ಣತೆ ಮೈನಸ್ 21ಕ್ಕೆ ಕುಸಿಯಿತು, ನೀರಾವಿ ಹತ್ತನೇ ಒಂದಕ್ಕೆ ಇಳಿಯಿತು. ದೊಡ್ಡಣ್ಣನೆನಿಸಿದ ನೀರಾವಿಗೆ ಒಬ್ಬಂಟಿಯಾಗಿ ನಿಲ್ಲಲು ಆಗಲಿಲ್ಲ.

ಹಾಳೆಯ ಮೇಲಿನ ಒಂದು ಡಿಗ್ರಿ ಈ ಹಿಂಬಾಲಕರ ದೆಸೆಯಿಂದ ಬೆಳೆಯುತ್ತದೆ. ನೀರಾವಿ, ಕರಗುವ ಹಿಮ, ಬದಲಾಗುವ ಮೋಡ ಎಲ್ಲ ಸೇರಿದರೆ, ಅನಿಲ ಇಮ್ಮಡಿಯಾದಾಗ ಕೊನೆಗೆ ಏರುವ ಉಷ್ಣತೆ ಸುಮಾರು 3 ಡಿಗ್ರಿ. ಎರಡೂವರೆಯಿಂದ ನಾಲ್ಕರ ನಡುವೆ ಇರುವ ಸಾಧ್ಯತೆ ಹೆಚ್ಚು ಎನ್ನುತ್ತದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ. ಇಷ್ಟು ಅಗಲದ ಅಂತರ ಉಳಿದಿರುವುದಕ್ಕೆ ಮುಖ್ಯ ಕಾರಣ ಮೋಡಗಳು. ಕೆಳಮಟ್ಟದ ದಟ್ಟ ಮೋಡ ಬಿಸಿಲನ್ನು ಹಿಂದಕ್ಕಟ್ಟಿ ತಣಿಸುತ್ತದೆ, ಎತ್ತರದ ತೆಳು ಮೋಡ ಶಾಖ ಹಿಡಿದು ಕಾಯಿಸುತ್ತದೆ; ಕಾದ ಭೂಮಿಯಲ್ಲಿ ಯಾವುದು ಎಷ್ಟು ಬದಲಾದೀತು ಎಂಬುದು ಇಂದಿಗೂ ನಮ್ಮ ಕ್ಷೇತ್ರದ ತಲೆನೋವು. ವಾದ ಮಾಡುವವರು ಇಲ್ಲಿ ಮಾಡಲಿ, ಬೇಡವೆನ್ನುವುದಿಲ್ಲ. 0.04ರ ಮೇಲೆ ಮಾಡುವುದು ವ್ಯರ್ಥ.

ಕೊನೆಗೆ ಮಂಗಳ. ಇದು ನಿಜಕ್ಕೂ ಸೊಗಸಾದ ಪ್ರಶ್ನೆ. ಏಕೆಂದರೆ ಮಂಗಳದಲ್ಲಿ ಈ ಅನಿಲದ ಶೇಕಡಾ ಪ್ರಮಾಣವಷ್ಟೇ ಅಲ್ಲ, ಒಟ್ಟು ತೂಕವೂ ನಮಗಿಂತ ಹೆಚ್ಚು. ಅಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ನೂರೈವತ್ತು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇದೆ, ನಮ್ಮಲ್ಲಿ ಆರೂವರೆ. ಆದರೂ ಅಲ್ಲಿ ಹಸಿರುಮನೆ ಪರಿಣಾಮದಿಂದ ಏರುವ ಉಷ್ಣತೆ ಸುಮಾರು ಐದು ಡಿಗ್ರಿ ಮಾತ್ರ. ದೂರದಿಂದಾಗಿ ಬಿಸಿಲು ನಮ್ಮ ಅರ್ಧಕ್ಕಿಂತ ಕಡಿಮೆ, ಜೊತೆಗೂಡಲು ನೀರಾವಿ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ, ಇವೆರಡೂ ಸರಿ. ಇನ್ನೊಂದು ಕಾರಣ, ನಾನು ಮೇಲೆ ನಿಷ್ಪ್ರಯೋಜಕ ಎಂಬಂತೆ ಬದಿಗೆ ಸರಿಸಿದ ಸಾರಜನಕ, ಆಮ್ಲಜನಕ. ಭೂಮಿಯಲ್ಲಿ ಇವುಗಳ ಡಿಕ್ಕಿಗಳಿಂದ ಇಂಗಾಲದ ಡೈಆಕ್ಸೈಡಿನ ಸೂಕ್ಷ್ಮ ಗೆರೆಗಳು ಅಗಲವಾಗಿ ಹರಡಿಕೊಳ್ಳುತ್ತವೆ, ಗೆರೆಗಳ ನಡುವಿನ ಸಂದುಗಳೂ ಮುಚ್ಚುತ್ತವೆ. ಮಂಗಳದ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ. ಡಿಕ್ಕಿಗಳು ವಿರಳವಾದ್ದರಿಂದ ಅಲ್ಲಿ ಗೆರೆಗಳು ಕೂದಲೆಳೆಯಂತೆ ಕಿರಿದಾಗಿಯೇ ಉಳಿದು, ನಡುವಿನ ಸಂದುಗಳಲ್ಲಿ ಶಾಖ ಸೋರಿಹೋಗುತ್ತದೆ. ಶುಕ್ರದಲ್ಲಿ ಇದರ ತಿರುಗುಮುರುಗು: ಅದೇ ಅನಿಲ ಶೇ. 96, ಒತ್ತಡ ನಮ್ಮ ತೊಂಬತ್ತು ಪಟ್ಟು, ನೆಲದ ಉಷ್ಣತೆ 460 ಡಿಗ್ರಿ. ಸೂರ್ಯನಿಗೆ ಹತ್ತಿರವಿರುವುದಕ್ಕೆ ಹಾಗೆ ಎನ್ನಬೇಡಿ. ಬೆಳ್ಳಗಿನ ಮೋಡಗಳು ಮುಕ್ಕಾಲು ಪಾಲು ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ, ಶುಕ್ರ ಒಳಗೆ ತೆಗೆದುಕೊಳ್ಳುವ ಬಿಸಿಲು ಚದರ ಮೀಟರಿಗೆ ಸುಮಾರು 160 ವ್ಯಾಟ್. ಭೂಮಿಯದು 240.